ಬಿಟ್ಟಿ

ಪೀಣ್ಯ ಎರಡನೇ ಹಂತ, ಪೌಡರ್ ಕೋಟಿಂಗ್ ಶೆಡ್ಡಿನ ಪಕ್ಕ
ನಾವು ತಕ್ಕಡಿ ಮಾಡುತ್ತೇವೆ.
ತಟ್ಟೆ ಒಂದೇ. ಮುಳ್ಳಿಲ್ಲ, ಕಲ್ಲಿಲ್ಲ.
ಹಸಿರು ಅಂಕಿ ಮಿನುಗುವ ಗಾಜು,
ಒಳಗೆ ಉಗುರಿನಷ್ಟು ಚಿಪ್ಪು,
ಚಿಪ್ಪಿನೊಳಗೆ ನಾನು ಬರೆದ ಸಾಲುಗಳು.
ವರ್ಷಕ್ಕೊಮ್ಮೆ ಇಲಾಖೆಯವರು ಬಂದು
ಇಡೀ ಕಿಲೋ ಬಟ್ಟುಗಳನ್ನಿಟ್ಟು ನೋಡಿ
ಸೀಸದ ಮುದ್ರೆ ಒತ್ತುತ್ತಾರೆ: ಸರಿ ಇದೆ.

ನಾನು ಬರೆದದ್ದು ಅಂತಿದ್ದೆ.
ಹತ್ತರಲ್ಲಿ ಒಂಬತ್ತು ಪಾಲು ತೊಮಾಜ್ ಎಂಬಾತನದು,
ಯಾವ ಊರೋ, ಮುಖ ನೋಡಿಲ್ಲ.
ಅಲ್ಲಲ್ಲಿ ಶಿಲ್ಲಾಂಗಿನ ಇಬಾನ್ ತಿದ್ದಿದ್ದು.
ಪ್ರತಿ ಕಡತದ ತಲೆಯಲ್ಲಿ ಅವರ ಹೆಸರು, ಇಸವಿ,
ಕೆಳಗೆ ಹದಿನೇಳು ಸಾಲಿನ ಮಾತು:
ಬಳಸು, ತಿದ್ದು, ಬೇಕಾದರೆ ಮಾರು.
ಕೊಂಡವರು ಕೇಳಿದ ದಿನ ಮಾತ್ರ
ತೆರೆದು ಕೊಡು,
ನಿನಗೆ ತೆರೆದು ಸಿಕ್ಕ ಹಾಗೇ.

ಅದನ್ನೆಲ್ಲ ನಾನೇ ಅಳಿಸಿದೆ,
ಒಂದು ಶನಿವಾರ, ಕರೆಂಟು ಹೋಗುವ ಮುಂಚೆ, ಬೇಗ ಬೇಗ.
ಜಾಗ ಉಳಿಯಲಿ ಅಂತ ಹೇಳಿಕೊಂಡೆ.

ಮೊನ್ನೆ ರಿಜಿಸ್ಟರ್ ಅಂಚೆ ಬಂತು.
ಯಶವಂತಪುರ ಯಾರ್ಡಿನ ಈರುಳ್ಳಿ ಮಂಡಿಯಲ್ಲಿ
ಲೆಕ್ಕ ಬರೆಯುವ ಮೆಹರುನ್ನೀಸಾ.
ಗೀಟು ಹಾಳೆ, ನೀಲಿ ಶಾಯಿ:
'ಗುಜರಿಗೆ ಹೊರಟಿದ್ದ ನಿಮ್ಮ ತಕ್ಕಡಿಯೊಂದನ್ನು ಬಿಚ್ಚಿ ನೋಡಿದೆ.
ಒಳಗಿರುವುದು ಯಾರದೆಂದು ತಿಳಿಯಿತು.
ನಮಗೆ ಅಂಕಿ ಕನ್ನಡದಲ್ಲಿ ಬರಬೇಕು, ತಿದ್ದಿಕೊಳ್ಳುತ್ತೇನೆ.
ಮೂಲ ಕಳಿಸಿ. ಇದು ಬೇಡಿಕೆ ಅಲ್ಲ, ಬಾಕಿ.
ಅಂಚೆಚೀಟಿ ಲಗತ್ತಿಸಿದ್ದೇನೆ.'

ಮುನಿಸಂಪಂಗಪ್ಪನವರು ಕನ್ನಡಕ ಹಣೆಗೇರಿಸಿದರು.
'ಬಿಟ್ಟಿ ಸಿಕ್ಕಿದ್ದು ಅಂದೆಯಲ್ಲಮ್ಮ.
ಬಿಟ್ಟಿಗೂ ಬಾಡಿಗೆಯೇ?'

ಆ ರಾತ್ರಿ ಎಂಟನೇ ಮೈಲಿಯಲ್ಲಿ ಬಸ್ಸು ನಿಂತೇ ಇತ್ತು,
ನನ್ನ ಬಾಯಲ್ಲಿ ಅದೇ ಪದ.
ದುಡ್ಡು ಕೊಡದೆ ಪಡೆದದ್ದೂ ಬಿಟ್ಟಿ,
ಕೂಲಿ ಕೊಡದೆ ದುಡಿಸಿಕೊಂಡದ್ದೂ ಬಿಟ್ಟಿ.
ನಮ್ಮಜ್ಜ ಊರ ಶಾನುಭೋಗರ ಹಿತ್ತಲಲ್ಲಿ ಮಾಡಿದ್ದು ಎರಡನೆಯದು.
ಅಜ್ಜನ ಹೆಸರೂ ಯಾವ ಕಡತದಲ್ಲೂ ಇಲ್ಲ.
ಮುಂದೆ ಯೋಚಿಸಲಿಲ್ಲ. ಬಸ್ಸು ಹೊರಟಿತು.

ಬೆಳಿಗ್ಗೆ ಹೇಳಿದೆ: ಸಾರ್, ಇದು ಹೆಪ್ಪಿನ ಹಾಗೆ.
ಪಕ್ಕದ ಮನೆಯಿಂದ ಒಂದು ಚಮಚ ತಂದೆವು.
ಹಾಲು ನಮ್ಮದೇ, ಪಾತ್ರೆ ನಮ್ಮದೇ,
ಮೊಸರು ಮಾರಿದರೂ ಬೇಡ ಅನ್ನುವವರಿಲ್ಲ.
ಆದರೆ ಕೊಂಡವರು ಬಟ್ಟಲು ಹಿಡಿದು ಬಂದರೆ
ಇಲ್ಲ ಅನ್ನುವ ಹಾಗಿಲ್ಲ.
'ದೀಪ ಹಚ್ಚಿದ ಮೇಲೆ ಹೆಪ್ಪು ಕೊಡಬಾರದು' ಅಂದರು, ನಗಲಿಲ್ಲ.
ಗಡಿಯಾರ ನೋಡಿದರು.
'ಇನ್ನೂ ಹತ್ತು ಗಂಟೆ. ಕೊಟ್ಟುಬಿಡು.
ಇನ್ಮೇಲೆ ಡಬ್ಬಿಯೊಳಗೆ ಒಂದು ಚೀಟಿನೂ ಹಾಕು,
ಕೇಳಿದರೆ ಕೊಡ್ತೀವಿ ಅಂತ.'

ಹದಿನೇಳು ಸಾಲನ್ನು ಕಡತದ ತಲೆಗೆ ಮರಳಿಸಿದೆ.
ಕಂಪೈಲ್ ಮಾಡಿ ಚಿಪ್ಪಿಗೆ ಇಳಿಸಿದರೆ
ಗಾತ್ರ ಅಷ್ಟೇ, ಒಂದು ಬೈಟೂ ಹೆಚ್ಚಿಲ್ಲ.
ಹೆಸರುಗಳನ್ನು ಯಂತ್ರ ಓದುವುದೇ ಇಲ್ಲ.
ಅಳಿಸಿದ್ದರಿಂದ ಏನೂ ಉಳಿದಿರಲಿಲ್ಲ.
ಇದು ನನಗೆ ಆಗಲೂ ಗೊತ್ತಿತ್ತು.

ಪೆನ್‌ಡ್ರೈವ್ ಕಳಿಸಿದ ಹನ್ನೊಂದನೇ ದಿನಕ್ಕೆ ಉತ್ತರ,
ಅದೇ ಗೀಟು ಹಾಳೆ:

'ತಲುಪಿತು. ಅಂಕಿ ಬಂದವು, ಏಳು ಸ್ವಲ್ಪ ಸೊಟ್ಟ.
ಒಂದು ಸಂದೇಹ.
ನಾನೂರ ಹನ್ನೆರಡನೇ ಸಾಲಿನಲ್ಲಿ
ಐವತ್ತು ಗ್ರಾಮಿನೊಳಗಿನ ಚೂರು
ಯಾವಾಗಲೂ ಮೇಲಕ್ಕೇ ಹೋಗುತ್ತದೆ, ಕೆಳಗಿಳಿಯುವುದೇ ಇಲ್ಲ.
ದಿನಕ್ಕೆ ಎಂಟುನೂರು ಮೂಟೆ, ನೀವೇ ಗುಣಿಸಿ.
ತೊಮಾಜ್ ಅವರ ಮೂಲ ಹುಡುಕಿ ನೋಡಿದೆ, ಅಲ್ಲಿ ಹೀಗಿಲ್ಲ.
ಇಬಾನ್ ತಿದ್ದಿದ್ದರಲ್ಲೂ ಇಲ್ಲ.
ಈ ಸಾಲು ಬರೆದವರು ಯಾರು?
ಇದರ ತಲೆಯಲ್ಲಿ ಹೆಸರಿಲ್ಲ.'