ರಾಟಿಗೆ ಕಟ್ಟಿದ ಕೆಂಪು ಎಳಿ

ಬೆಟಗೇರಿ ಓಣ್ಯಾಗ ಅವತ್ತು ಮಗ್ಗದ ಸಪ್ಪಳ
ನಿಂತಿದ್ದು ನಮ್ಮ ಮನಿಯಾಗಷ್ಟ.
ಅಪ್ಪ ಕುಣಿಯೊಳಗ ಕೂತು ಕಂಡಿಕಿಗೆ ಕಾಯಾಕತ್ತಿದ್ದ,
ಅಮ್ಮನ ರಾಟಿ ನನ್ನ ಲೆಕ್ಕಕ್ಕ ದುಡಿಯಾಕತ್ತಿತ್ತು.

ಆಗಿದ್ದು ಇಷ್ಟ:
ನನ್ನ ಸೈನ್ ನಕ್ಷೆಗೆ ಹತ್ತಕ್ಕ ಎರಡು ಕೊಟ್ಟು
"ಏನವಾ ಇದು, ಗರಗಸನೋ ಸೀರಿ ದಡಿನೋ?" ಅಂದಿದ್ರು
ಹೊಂಬಳ ಸರ್.
ಸೊನ್ನೆ, ಒಂದು, ಸೊನ್ನೆ, ಋಣ ಒಂದು.
ನಾಕು ಚುಕ್ಕಿ ಇಟ್ಟು ಪಟ್ಟಿ ಹಿಡದು ಕೂಡಿಸಿದ್ದೆ,
ತೆನಿ ತೆನಿಯಾಗಿ ಚಂದನ ಕಂಡಿತ್ತು ನನಗ.
ತಪ್ಪು ಎಲ್ಲಿ ಅಂತ ಹೇಳಲಿಲ್ಲ ಅವರು,
ಬರೇ ತುದಿಗಳನ್ನ ಕೆಂಪು ಪೆನ್ನಿಲೆ ದುಂಡಗ ಮಾಡಿದ್ರು.

ಮನಿಗೆ ಬಂದಾಕಿ ರಾಟಿ ಅಂಚಿಗೆ
ಒಂದೆಳಿ ಕೆಂಪು ರೇಷ್ಮಿ ಗಂಟು ಹಾಕಿದೆ.
"ಅಮ್ಮಾ, ಸಾವಕಾಶ ತಿರಗಸು."
"ಯಾಕಬೇ, ಯಾವ ಪೂಜಿ ಇದು?"

ಬಾಗಲ ಕಡೆ, ಅಚ್ಚಿನ ಮಟ್ಟಕ್ಕ ಇದ್ದಾಗ
ಗಂಟು ಕಲ್ಲು ಒಗದಂಗ ನೆಟ್ಟಗ ಮ್ಯಾಲೆ ಹೊಂಟಿತು.
ನೆತ್ತಿ ಹತ್ರ ಬಂದಂಗ ಅದಕ್ಕೇನೋ ಮರವು:
ಗ್ವಾಡಿ ಕಡೆ ಸರೀತದ, ಏರೂದು ಬಿಡ್ತದ,
ಅರ್ಧ ಉಸರಿನಷ್ಟು ಹೊತ್ತು
ಎತ್ತರ ಎತ್ತರದಾಗ ಇರ್ತದ.
ಮ್ಯಾಲೆ ಹೋದದ್ದು ಗಕ್ಕನ ತಿರಗಂಗಿಲ್ಲ.
ನನ್ನ ಪಟ್ಟಿಗೆ ಇದು ಗೊತ್ತಿರಲಿಲ್ಲ.

ಅಪ್ಪಗ ಕುಣಿಯಿಂದ ರಾಟಿ ಮಗ್ಗಲಾಗಿ ಕಾಣ್ತದ,
ಗಾಲಿ ಅಲ್ಲ, ನಿಂತ ಕೋಲು.
ನಾ ಅಟ್ಟ ಹತ್ತಿ ಬಗ್ಗಿ ನೋಡಿದೆ:
ಅದೇ ಗಾಲಿ, ಮಲಗಿದ ಕೋಲು.
"ಅಪ್ಪಾ, ಈಗೆಲ್ಲೈತಿ?"
"ತುತ್ತತುದಿಗೆ."
ನನಗ ನಟ್ಟ ನಡುವ, ಅಚ್ಚಿನ ಮ್ಯಾಲೆ.
"ಈಗ?"
"ನಡುವ ಬಂತಲ್ಲ."
ನನಗ ಗ್ವಾಡಿ ಕಡಿ ತುದಿಗೆ.
ಕಾಲು ಸುತ್ತಿನ ತಕರಾರು ನಮ್ಮಿಬ್ಬರದು.
ಸೈನ್ ಅವನ ಸಾಕ್ಷಿ, ಕೊಸೈನ್ ನಂದು.
ಹಿಡಿಕಿ ಹಿಡದಾಕಿಗೆ ಎರಡೂ ಬ್ಯಾಡಾಗಿದ್ದವು,
ಆಕಿಗೆ ಮೊಣಕೈ ನೋವಷ್ಟ ಗೊತ್ತು.

"ಆದ್ರ ತೆರಿ ಎಲ್ಲೈತಿ?" ಅಪ್ಪನ ಕೇಳಿದ.
"ಕೋಲಿನ ಮ್ಯಾಲೆ ಏರಿಳಿದ್ರ ಒಂದು ಗೀಟು ಆತು. ತೆರಿ ಹ್ಯಾಂಗ ಆತು?"
ನಾ ಉತ್ತರ ಹುಡುಕೂದ್ರಾಗ
ಅವನ ಕೈ ರೂಢಿಯಂಗ ದಿಂಡು ತಿರವಿ
ನೇದ ಗೇಣುದ್ದ ಸುತ್ತಿಕೊಂಡಿತ್ತು.
ನೋಡಿದ್ವಿ ಇಬ್ಬರೂ.
ಲಾಳಿ ಹುಟ್ಟಿದಾಗಿಂದ ಅತ್ತ ಇತ್ತಷ್ಟ ಓಡೇದ,
ಸೀರಿ ಆಗಿದ್ದು ಬಟ್ಟಿ ಸರದಿದ್ದಕ್ಕ.

ಹಾಳಿ ನೆಲದ ಮ್ಯಾಲೆ ಇಟ್ಟು ಎಡಕ್ಕ ಜಗ್ಗಿಕೋತ,
ಗಂಟು ಏರಿದಂಗ ಪೆನ್ಸಿಲ್ ಏರಿಸಿದೆ, ಇಳಿದಂಗ ಇಳಿಸಿದೆ.
ಸೊಟ್ಟ ಬಂತು. ಒಂದು ಗುಡ್ಡ ದಪ್ಪ, ಒಂದು ಸಣಕಲು.
ಆದ್ರ ಎಲ್ಲಾ ದುಂಡಗ.

"ಮುಗೀತೇನ ನಿಮ್ಮ ಆಟ?" ಅಂದ ಅಮ್ಮ
ಉತ್ತರಕ್ಕ ಕಾಯದ ರಾಟಿ ಬಿರಬಿರನ ತಿರಗಿಸಿದಳು.
ತೆರಿಗಳು ಒಂದಕ್ಕೊಂದು ಒತ್ತಿಕೊಂಡವು,
ನನ್ನ ಕೈ ಸೋತಿತು.
ಮತ್ತ ಅಟ್ಟಕ್ಕ ಓಡಿದೆ:
ಗಂಟು ಇಲ್ಲ, ಅಡ್ಡ ಒಂದು ಕೆಂಪು ಗೀಟು.
"ನನಗೂ ಗೀಟ ಕಾಣ್ತದ," ಕೆಳಗಿಂದ ಅಪ್ಪ,
"ಆದ್ರ ನಿಂತದ್ದು."