ನ ಕೂರುವ ಜಾಗ

ಮೊದಲ ಮೂರು ರಾತ್ರಿ ಗವಿರಂಗ
ಇಲಿ ಅಂತಲೇ ತಿಳಿದಿದ್ದ.
ಲಗ್ಗೆರೆ ಬ್ರಿಡ್ಜಿನ ಹತ್ತಿರ ಬೋನು ಕೊಂಡು
ಅರ್ಧ ಮಸಾಲೆ ವಡೆ ಸಿಕ್ಕಿಸಿ
ಮಂಚದ ಕೆಳಗಿಟ್ಟ.
ಬೆಳಿಗ್ಗೆ ವಡೆಗೆ ಇರುವೆ.
ಬೋನು ಬಾಯಿ ತೆರೆದೇ ಇತ್ತು,
ಮುಚ್ಚಿದ್ದು ನನ್ನದು.

ನಾಲ್ಕನೇ ರಾತ್ರಿ ಟಾರ್ಚು ಹಿಡಿದು
ಸದ್ದಿನ ಜಾಡಿನಲ್ಲೇ ಬಂದವನು
ನನ್ನ ಕೆನ್ನೆಯ ಮೇಲೆ ಬೆಳಕು ಬಿಟ್ಟು ನಿಂತ.
ಪೀಣ್ಯದ ಲೇತಿನವನು, ಕಿವಿ ಸುಳ್ಳು ಹೇಳದು:
'ಬೇರಿಂಗ್ ಹೋಗಿದೆ ಕಣೇ,
ಎಣ್ಣೆಯಿಲ್ಲದೆ ಕಬ್ಬಿಣ ಕಬ್ಬಿಣ ತಿನ್ನೋ ಸದ್ದು.'

ಹೊಟ್ಟೆಯಲ್ಲಿ ಹುಳ ಇರಬೇಕು ಎಂದರು ಅತ್ತೆ.
ಬೇವಿನ ಚಿಗುರು ಅರೆದು ಬರಿಹೊಟ್ಟೆಗೆ ಕೊಟ್ಟರು
ಒಂದು ವಾರ. ಹುಳ ಇದ್ದಿದ್ದರೆ ಸತ್ತಿರುತ್ತಿತ್ತು.
ನಾನು ಮಾತ್ರ ಕಹಿಬಾಯಲ್ಲೇ ಕಡಿಯುತ್ತಿದ್ದೆ.

ಹಗಲು ನನ್ನದು ಕಿವಿಯ ಕೆಲಸ.
ಜಲಮಂಡಳಿಯ ದೂರು ಕೇಂದ್ರ, ಏಳನೇ ಟೇಬಲ್ಲು.
ಹೊರಮಾವಿನಿಂದ ಒಬ್ಬರು: ನೀರು ಬಂದು ಒಂಬತ್ತು ದಿನ.
ಬೇಗೂರಿನಿಂದ: ಬಂತು, ಮೋರಿ ವಾಸನೆ.
ಹೆಗ್ಗನಹಳ್ಳಿಯ ಅಜ್ಜ ಬೈಯುವುದಕ್ಕೆ ಮುಂಚೆ
'ಊಟ ಆಯ್ತೇನಮ್ಮ' ಎಂದು ಕೇಳುತ್ತಾರೆ,
ಆಮೇಲೆ ನನ್ನ ಏಳು ತಲೆಮಾರನ್ನೂ
ನೀರಿಲ್ಲದೆಯೇ ಜಾಲಾಡುತ್ತಾರೆ.
ಎಲ್ಲರಿಗೂ ಒಂದೇ ಉತ್ತರ:
ನಿಮ್ಮ ದೂರು ದಾಖಲಾಗಿದೆ.
ಅದರ ಹಿಂದೆ ಬರಬೇಕಿದ್ದ ಮಾತುಗಳನ್ನೆಲ್ಲ
ಅವುಡುಗಚ್ಚಿ ಹಿಡಿದಿಟ್ಟು
ಸಂಜೆ ಬಸ್ಸಿನಲ್ಲಿ ಮನೆಗೆ ತರುತ್ತೇನೆ,
ಗಿರಣಿಗೆ ಒಯ್ಯುವ ರಾಗಿಯ ಹಾಗೆ.
ರಾತ್ರಿಯೆಲ್ಲ ಬೀಸಿದರೂ
ಬೆಳಿಗ್ಗೆ ಒಂದು ಹಿಡಿ ಹಿಟ್ಟಿಲ್ಲ.
ಕಿವಿಯ ಬುಡದಲ್ಲಿ ಗಂಟು,
ಚಪಾತಿಯ ಎರಡನೇ ತುತ್ತಿಗೇ ಸುಸ್ತು.

ಡಾಕ್ಟರ್ ಶಗುಫ್ತಾ ಪುಟ್ಟ ಕನ್ನಡಿ ಹಿಡಿದು
ಹಿಂದಿನ ದವಡೆಹಲ್ಲು ತೋರಿಸಿದರು:
ಗುಡ್ಡ ಇರಬೇಕಾದಲ್ಲಿ ಬಯಲು.
'ಎಷ್ಟು ವರ್ಷದಿಂದ ಇದು?'
ಹಲ್ಲು ಕಚ್ಚಿಕೊಂಡು ಸಂಸಾರ ಮಾಡು ಅಂತ
ಅವ್ವ ಹೇಳಿ ಕಳಿಸಿ ಹದಿನಾಲ್ಕು ವರ್ಷ.
ಅದನ್ನು ಹೇಳಲಿಲ್ಲ.
ಬಾಯಲ್ಲಿ ಅವರ ಬೆರಳಿತ್ತು.

ಗುಲಾಬಿ ಬಣ್ಣದ ಹಿಟ್ಟು ಕಚ್ಚಿಸಿ ಅಚ್ಚು ತೆಗೆದರು.
ವಾರದ ಮೇಲೆ ಬಂತು, ಸೋಪಿನ ಡಬ್ಬಿಯಂಥದರಲ್ಲಿ,
ಗಾಜಿನಷ್ಟು ತಿಳಿಯಾದ ಒಂದು ಸಾಲು ಹಲ್ಲು.
'ರಾತ್ರಿ ಹಾಕಿಕೊಳ್ಳಿ. ಇದು ಸವೆಯಲಿ,
ನೀವು ಸವೆಯಬೇಡಿ.
ಹಗಲಿಗೆ ಇದು ಸಾಲದು.
ತುಟಿ ಸೇರಿರಲಿ, ಹಲ್ಲು ಸೇರದಿರಲಿ.
ನಾಲಿಗೆ ಎಲ್ಲಿಡಲಿ ಅಂತೀರಾ?
ನ ಅನ್ನಿ. ಅದು ಹೋಗಿ ಕೂರುತ್ತಲ್ಲ, ಅಲ್ಲಿ.'

ನ.
ಸ್ಲೇಟಿನಲ್ಲಿ ತಿದ್ದಿದ ಮೇಲೆ
ಆ ಅಕ್ಷರವನ್ನು ಇಷ್ಟು ಮುಟ್ಟಿ ನೋಡಿರಲಿಲ್ಲ.
ಅದನ್ನು ಪೂರ್ತಿ ಹೇಳಿ ಮುಗಿಸುವಷ್ಟರಲ್ಲಿ
ದವಡೆ ತಾನಾಗಿ ಬಿಟ್ಟುಕೊಂಡಿರುತ್ತದೆ,
ಬೇಕಾದರೆ ನೀವೂ ನೋಡಿ.
ಹೆಡ್‌ಫೋನು ಏರಿಸುವಾಗ ನ,
ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ ನ,
ಕುಕ್ಕರು ಕೂಗದೆ ಸತಾಯಿಸುವಾಗ ನ.
ಕಂಪ್ಯೂಟರಿನ ಅಂಚಿಗೆ ಕೆಂಪು ಬಿಂದಿ ಅಂಟಿಸಿದ್ದೇನೆ,
ಕಣ್ಣಿಗೆ ಬಿದ್ದಾಗೆಲ್ಲ ಕಚ್ಚಿದ್ದನ್ನು ಬಿಡಬೇಕು.
'ಯಾವ ದೇವರ ಹರಕೆಯೇ ಇದು?'
ಪಕ್ಕದ ಟೇಬಲ್ಲಿನ ಎಸ್ತೇರಮ್ಮ ಕೇಳುತ್ತಾಳೆ.

ಮರೆಯುತ್ತೇನೆ.
ದಿನಕ್ಕೆ ನಲವತ್ತು ಸಲ ಮರೆಯುತ್ತೇನೆ.

ಮೊನ್ನೆ ಸೋಮವಾರ ಮತ್ತೆ ಹೆಗ್ಗನಹಳ್ಳಿಯ ಅಜ್ಜ:
ಊಟ ಆಯ್ತೇನಮ್ಮ, ನೀರೆಲ್ಲಿ?
ನಾಲಿಗೆ ನ ಮೇಲೆ ಕೂತಿತ್ತು,
ಕೂತಲ್ಲಿಂದಲೇ ಜಾರಿತು:
'ನಮ್ಮನೆಗೂ ಬಂದಿಲ್ಲ, ಅಜ್ಜ.'
ಆ ಕಡೆ ಬರೀ ಗುಂಯ್ ಎನ್ನುವ ಲೈನು.
ಈ ಕಡೆ ನಾನು ಆಗಲೇ ಕೆಲಸ ಕಳಕೊಂಡು,
ಮಗಳ ಫೀಸಿಗೆ ಯಾರನ್ನು ಕೇಳಲಿ ಅಂತ ಲೆಕ್ಕ ಹಾಕುತ್ತಿದ್ದೆ.
ಅಷ್ಟರಲ್ಲಿ ಅಜ್ಜ ನಕ್ಕರು.
ಬೊಚ್ಚುಬಾಯಿ ನಗು, ಫೋನಿನಲ್ಲೂ ಗೊತ್ತಾಗುತ್ತದೆ.
'ಹಂಗಾದ್ರೆ ನಿನ್ನ ದೂರನ್ನೂ
ನಂದರ ಕೆಳಗೆ ಬರ್ಕೊಳ್ಳವ್ವ.'

ಬರೆದುಕೊಂಡೆ.

ಬೋನು ಈಗ ಅಟ್ಟದ ಮೇಲಿದೆ.
ಗಾಜಿನ ಹಲ್ಲಿನ ಎಡಗಡೆ ಆಗಲೇ ಗೀರು ಬಿದ್ದಿದೆ.
ಬೆಳಿಗ್ಗೆ ಅದನ್ನು ಅರ್ಧ ಚೊಂಬು ನೀರಲ್ಲಿ
ತೊಳೆಯುತ್ತಾ ಕೇಳಿದೆ: ರಾತ್ರಿ ಸದ್ದಿತ್ತಾ?
ಗವಿರಂಗ ಶೂ ಲೇಸು ಕಟ್ಟುವುದು ನಿಲ್ಲಿಸಿ ಯೋಚಿಸಿದ.
'ಇತ್ತು' ಎಂದ.
'ಆದರೆ ಸಣ್ಣಿಲಿ.'