ಒರಳಿಗೆ ತೂತು

ಅತ್ತೆ ಇಳಕಲ್ಲಿನಿಂದ ಟ್ರಕ್ಕಿನಲ್ಲಿ ಹೇರಿ ತಂದ ಒರಳು
ದತ್ತವಾಡಿಯ ಮೂರನೇ ಮಹಡಿಯ ಬಾಲ್ಕನಿಯಲ್ಲಿ
ಹನ್ನೊಂದು ವರ್ಷ ಸುಮ್ಮನೆ ಕೂತಿತ್ತು.
ಮಿಕ್ಸಿ ಬಂದ ಮೇಲೆ ಅದರೊಳಗೆ
ಈರುಳ್ಳಿ, ಕೀಲಿ ಕಳೆದ ಬೀಗ,
ಒಮ್ಮೆ ಪಾರಿವಾಳದ ಎರಡು ಮೊಟ್ಟೆ.

ಗಿಡ ನೆಟ್ಟೆ. ಕೊಳೆಯಿತು.
ಮತ್ತೊಂದು ನೆಟ್ಟೆ. ಅದೂ.
ತಳಕ್ಕೆ ದಾರಿಯಿಲ್ಲವಲ್ಲ, ಅಂದ ನರ್ಸರಿಯವನು.

ಬೀದಿಯಲ್ಲಿ ಮರಾಠಿಯಲ್ಲಿ ಕೂಗುತ್ತ ಹೋಗುತ್ತಿದ್ದವನು
ಸೈಕಲ್ ಚೈನು ಕಳಚಿದಾಗ ಬೈದದ್ದು ಕನ್ನಡದಲ್ಲಿ.
ಹಾಗಾಗಿ ಸಿಕ್ಕ ಹುಲಗಪ್ಪ,
ಯರವಡಾದಿಂದ ಬರುವ, ಒಳಕಲ್ಲಿಗೆ ಟಾಕಿ ಹೊಡೆಯುವವ.
‘ತೂತಾ? ಅವ್ವಾರ, ನಾ ಕಲ್ಲಿಗೆ ಹಲ್ಲು ಕೊಡಾಂವ,
ಹೊಟ್ಟಿ ಹರಿಯಾಂವ ಅಲ್ಲ.’
ಚಹಾ ಕುಡಿದ. ಒರಳಿನ ಸುತ್ತ ಒಂದು ಸುತ್ತು ಬಂದ.
‘ಕೆಡಸೂದಕ್ಕ ಎರಡು ಪಟ್ಟು ಆಗ್ತದ.’

ವಾಚ್‌ಮನ್ ಸೇರಿ ಮೂವರು ಬೋರಲು ಹಾಕಿದೆವು.
ಮಧ್ಯಾಹ್ನವೆಲ್ಲ ಉಳಿಯ ಸದ್ದು.
ಕೆಳಗಿನ ಮ್ಹಸ್ಕರ್ ಕಾಕು ಎರಡು ಸಲ ಮೇಲೆ ಬಂದು ಹೋದರು.
ನಾಲ್ಕಕ್ಕೆ ಸದ್ದು ತಟ್ಟನೆ ಟೊಳ್ಳಾಯಿತು.
ಎಂಟಾಣೆಯಷ್ಟು ಬೆಳಕು.
ಕೊನೆಯ ಚೂರನ್ನು ಅವನು ಯಾಕೋ ಜೇಬಿಗೆ ಹಾಕಿಕೊಂಡ.

ತೂತಿನ ಮೇಲೆ ಹಂಚಿನ ಚೂರು, ಇಟ್ಟಿಗೆ ಪುಡಿ,
ಮುಠಾ ಹೊಳೆಯ ಮರಳು, ಒಣಗಿದೆಲೆಯ ಗೊಬ್ಬರ,
ನಡುವೆ ನೆಲಸಂಪಿಗೆಯ ಗಡ್ಡೆ,
ಮೇಲೆ ಬೆರಳುಗುರಿನಷ್ಟು ಕರಿಗಲ್ಲು.

ಮಳೆಗಾಲವಿಡೀ ಎಲೆಯೋ ಎಲೆ.
ದೀಪಾವಳಿ ಕಳೆಯುತ್ತಲೇ ಹಳದಿಯಾಗಿ ಮಲಗಿತು.
‘ಮೇಲಂ ಗ ತೇ,’ ಅಂದರು ಕಾಕು.
ಸತ್ತಿಲ್ಲ, ಮಲಗಿದೆ ಎಂದೆ. ನನಗೂ ನಂಬಿಕೆಯಿರಲಿಲ್ಲ.
ಮಲಗಿದ್ದಕ್ಕೆ ನೀರು ಕುಡಿಸಬಾರದು;
ಕೈ ತಡೆಯದೆ ಚೊಂಬನ್ನು ಅಟ್ಟದ ಮೇಲಿಟ್ಟೆ.
ಐದು ತಿಂಗಳು ಬರೀ ಕಲ್ಲಿಗೆ ಕಾವಲು.

ಏಪ್ರಿಲ್ ಕೊನೆ. ಫ್ಯಾನಿಗೂ ಬಿಸಿಯುಸಿರು.
ಎಲೆಯಿಲ್ಲ, ಕಾಂಡವಿಲ್ಲ, ಮೊದಲೊಂದು ಮಾತಿಲ್ಲ,
ಕರಿಗಲ್ಲನ್ನು ಪಕ್ಕಕ್ಕೆ ತಳ್ಳಿ
ನೆಲದಿಂದಲೇ ನೇರ ಹೂವು.
ಬಿಳಿ, ಅದರ ತುಟಿಗೆ ನೇರಳೆ
ಜಂಬುನೇರಳೆ ಕದ್ದು ತಿಂದ ಮಗುವಿನ ಹಾಗೆ.
ಸಂಜೆಗೆ ಕರಗಿ ಒದ್ದೆ ಕಾಗದ.
ಬೆಳಿಗ್ಗೆ ಇನ್ನೊಂದು.

ಕಾಕುವಿನ ಚಟ್ನಿಕಲ್ಲಿಗೆಂದು ಬಂದ ಹುಲಗಪ್ಪನನ್ನು
ಮೇಲಕ್ಕೆ ಕರೆದೆ, ತೋರಿಸಿದೆ.
ಹೂವಿನ ಕಡೆ ನೋಡಲಿಲ್ಲ ಪುಣ್ಯಾತ್ಮ.
ಕುಕ್ಕರಗಾಲಲ್ಲಿ ಕೂತು
ಇಟ್ಟಿಗೆಗಳ ಸಂದಿಯಿಂದ ಒರಳಿನಡಿಗೆ ಕೈ ತೂರಿಸಿ
‘ಹಾಕ್ರಿ ನೀರು’ ಅಂದ.

ಹಾಕಿದೆ. ಕಾದೆವು.
ಬಹಳ ಹೊತ್ತು ಕಾದ ಹಾಗಿತ್ತು.
ಕೈ ಹೊರತೆಗೆದ, ಅಂಗೈ ಒದ್ದೆ.
ಕುತ್ತಿಗೆಗೆ ಒರೆಸಿಕೊಂಡು
‘ಹಾಂ,’ ಅಂದ, ‘ಇಳೀಲಿಕ್ಕತ್ತದ.’